ಸೂರಿಲ್ಲದವರು ಬೀದಿಯಲ್ಲಿ ಮಾತ್ರ ಇಲ್ಲ

ಸೂರಿಲ್ಲದವರು ಎಂದ ಕೂಡಲೇ ಬಸ್ ನಿಲ್ದಾಣದಲ್ಲಿ ಮಲಗುವವರ ನೆನಪು ನಮಗೆ ಬರುತ್ತದೆ. 2011ರ ಜನಗಣತಿಯೂ ಅಂಥವರನ್ನೇ ಲೆಕ್ಕಕ್ಕೆ ತೆಗೆದುಕೊಂಡಿತು. ರಸ್ತೆ ಬದಿ, ಮೇಲ್ಸೇತುವೆಯ ಅಡಿ, ರೈಲ್ವೆ ಪ್ಲಾಟ್‌ಫಾರ್ಮ್, ಸಿಮೆಂಟ್ ಪೈಪಿನ ಒಳಗೆ, ಆರಾಧನಾಲಯಗಳ ಬಯಲಿನಲ್ಲಿ (ಹೌದು, ಚರ್ಚ್ ಅಂಗಳವೂ ಇದರಲ್ಲಿ ಸೇರುತ್ತದೆ) ಬದುಕುವವರನ್ನು ಎಣಿಸಿದಾಗ ದೇಶದಲ್ಲಿ ಸಿಕ್ಕಿದ್ದು ಸುಮಾರು 17.7 ಲಕ್ಷ ಜನ.

ವಸತಿಯ ಕೊರತೆ ಇದಕ್ಕಿಂತ ಬಹಳ ದೊಡ್ಡದು. ಕೇಂದ್ರ ಸರ್ಕಾರದ ತಜ್ಞರ ಸಮಿತಿಯು 2012ರಲ್ಲಿ ನಗರಗಳಲ್ಲಿಯೇ 1.88 ಕೋಟಿ ಮನೆಗಳ ಕೊರತೆ ಇದೆ ಎಂದು ತಿಳಿಸಿತು. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಇಕ್ಕಟ್ಟಿನ ಲೆಕ್ಕ. ಅಂದರೆ ಮದುವೆಯಾದ ಮಗ ಸೊಸೆಗೆ ಬೇರೆ ಕೋಣೆ ಇಲ್ಲದ ಮನೆಗಳು. ಒಟ್ಟು ಕೊರತೆಯಲ್ಲಿ ಶೇ. 95ಕ್ಕೂ ಹೆಚ್ಚು ಬಡವರದ್ದು ಮತ್ತು ಕಡಿಮೆ ವರಮಾನದವರದ್ದು. ಅವೇ ನಗರಗಳಲ್ಲಿ 2011ರಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ ಇದ್ದವು! ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಲ್ಫ್‌ನಲ್ಲಿ ದುಡಿಯುವವರು ಕೊಂಡು ಬೀಗ ಹಾಕಿದ ಫ್ಲ್ಯಾಟುಗಳನ್ನು ನಾವು ದಿನವೂ ನೋಡುತ್ತೇವೆ. ಕಟ್ಟಡಗಳು ಏಳುತ್ತಲೇ ಇವೆ, ಬಡವರ ಕೈಗೆಟಕುವ ಬೆಲೆಯಲ್ಲಿ ಕಟ್ಟುವವರು ಕಡಿಮೆ.

ಹಳ್ಳಿಗಳಲ್ಲಿ ತೊಡಕು ಬೇರೆ. 2016ರಲ್ಲಿ ಇಂದಿರಾ ಆವಾಸ್ ಬದಲಿಗೆ ಬಂದ ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಗೆ ರೂ. 1.20 ಲಕ್ಷ ಸಹಾಯಧನವಿದೆ, ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ಆದರೆ ಕಟ್ಟುವುದು ಎಲ್ಲಿ? ನಿವೇಶನ ಇಲ್ಲದವರಿಗೆ ರಾಜ್ಯವೇ ಜಾಗ ಒದಗಿಸಬೇಕೆಂಬ ನಿಯಮವಿದೆ. ಕಡಲು ಮತ್ತು ಘಟ್ಟದ ನಡುವಿನ ನಮ್ಮ ಊರುಗಳಲ್ಲಿ ಸರ್ಕಾರಿ ಜಾಗ ಎಂದು ಹುಡುಕಿದರೆ ಒಂದು ಕಡೆ ಕುಮ್ಕಿ, ಇನ್ನೊಂದು ಕಡೆ ಡೀಮ್ಡ್ ಅರಣ್ಯ, ಕಡಲ ಬದಿಯಲ್ಲಿ ಸಿಆರ್‌ಝಡ್. ಸರ್ಕಾರಿ ಜಾಗದಲ್ಲಿ ಹಿಂದಿನಿಂದಲೇ ಮನೆ ಕಟ್ಟಿ ಕುಳಿತವರಿಗೆ ಹಕ್ಕುಪತ್ರ ಕೊಡಲು ಭೂ ಕಂದಾಯ ಕಾಯ್ದೆಯ 94ಸಿ ಕಲಮು ಇದೆ. ಹಕ್ಕುಪತ್ರ ಇಲ್ಲದವರು ಮನೆಯ ಅರ್ಜಿಗೆ ಯಾವ ದಾಖಲೆ ಲಗತ್ತಿಸಬೇಕು?

ಜಾಗ ಇದ್ದವರೂ ಪಾರಾದರೆಂದು ಹೇಳಲಾಗದು. ಸಹಾಯಧನ ಒಮ್ಮೆಲೇ ಬರುವುದಿಲ್ಲ. ಪಂಚಾಂಗ, ಗೋಡೆ, ಮಾಡು ಎಂದು ಕೆಲಸ ನಡೆದಂತೆ ಫೋಟೊ ತೆಗೆದು ದಾಖಲಿಸಿದ ಮೇಲೆ ಕಂತು ಬಿಡುಗಡೆಯಾಗುತ್ತದೆ. ಮುಂದಿನ ಕಂತಿನ ತನಕ ಕೆಂಪುಕಲ್ಲು, ಹೊಯಿಗೆ, ಮೇಸ್ತ್ರಿಯ ಸಂಬಳ ಎಲ್ಲಕ್ಕೂ ಕೈಯಿಂದ ಹಾಕಬೇಕು. ದಿನಗೂಲಿಯವರು ಬಡ್ಡಿಗೆ ತರುತ್ತಾರೆ, ಇಲ್ಲವೇ ಕೆಲಸ ನಿಲ್ಲಿಸುತ್ತಾರೆ. ಜೂನ್ ಮಳೆಗೆ ಮಾಡಿಲ್ಲದ ಗೋಡೆ ನೆನೆಯುತ್ತದೆ.

ನಮ್ಮ ಧರ್ಮಕೇಂದ್ರಗಳಲ್ಲಿ ಬಡವರ ಮನೆಗೆ ಸಹಾಯ ಎಂದರೆ ಹೆಚ್ಚಾಗಿ ದುರಸ್ತಿಗೆ ಒಮ್ಮೆ ಕೊಡುವ ದಾನ. ಅದು ಒಳ್ಳೆಯದೇ. ಅದೇ ಹಣದ ಒಂದು ಭಾಗವನ್ನು ಕಂತು ಬರುವ ತನಕ ಬಡ್ಡಿಯಿಲ್ಲದ ಕೈಗಡವಾಗಿ ಕೊಟ್ಟರೆ, ಅದು ಮರಳಿ ಬಂದು ಮತ್ತೊಂದು ಮನೆಗೆ ಉಪಯೋಗವಾದೀತು ಎಂಬುದು ನಮ್ಮ ಅಭಿಪ್ರಾಯ. ವಾಳೆಯ ಗುರಿಕಾರರು ಒಂದೇ ಸೂರಿನಡಿ ಎರಡು ಮೂರು ಸಂಸಾರಗಳಿರುವ ಮನೆಗಳನ್ನು ಈಗಲೇ ಗುರುತಿಸಿಡಲಿ. ಫಲಾನುಭವಿಗಳ ಪಟ್ಟಿ ಗ್ರಾಮಸಭೆಯ ಮುಂದೆ ಬರುತ್ತದೆ, ಆ ದಿನ ಈ ಹೆಸರುಗಳನ್ನು ಹಿಡಿದು ಅಲ್ಲಿ ಹಾಜರಿರಬೇಕು.