ಸಿಎ ಸಹಿ ಅಸಲಿಯೇ? ನೀವೇ ನೋಡಬಹುದು

ಪ್ರಶ್ನೆ: ನಮ್ಮ ಹೌಸಿಂಗ್ ಸೊಸೈಟಿಯ ಲೆಕ್ಕಪತ್ರದಲ್ಲಿರುವ ಸಿಎ ಸಹಿಯನ್ನು ನಂಬುವುದು ಹೇಗೆ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಸಹಿಯ ಬಳಿ ‘ಯುಡಿಐಎನ್’ ಎಂಬ 18 ಅಂಕಿ-ಅಕ್ಷರಗಳ ಸಂಖ್ಯೆ ಇದೆಯೇ ನೋಡಿ. ಸಿಎಗಳ ಸಂಸ್ಥೆಯಾದ ಐಸಿಎಐ 2019ರಲ್ಲಿ ಇದನ್ನು ಹಂತಹಂತವಾಗಿ ಕಡ್ಡಾಯ ಮಾಡಿತು. ಮೊದಲ ಎರಡು ಅಂಕಿ ವರ್ಷವನ್ನು, ಮುಂದಿನ ಆರು ಅಂಕಿ ಸಿಎಯ ಸದಸ್ಯತ್ವ ಸಂಖ್ಯೆಯನ್ನು ಹೇಳುತ್ತವೆ. ಐಸಿಎಐನ ಯುಡಿಐಎನ್ ಜಾಲತಾಣದಲ್ಲಿ ಯಾರು ಬೇಕಾದರೂ ಅದನ್ನು ಪರಿಶೀಲಿಸಬಹುದು.

ಸಹಿಗೆ ಮಾತ್ರವಲ್ಲ, ಲೆಕ್ಕದ ಗುಟ್ಟಿಗೂ ಕಾವಲಿದೆ. ಕಾನೂನು ಕೇಳಿದ ಸಂದರ್ಭ ಹೊರತುಪಡಿಸಿ, ಕಕ್ಷಿದಾರರ ಒಪ್ಪಿಗೆಯಿಲ್ಲದೆ ಅವರ ಮಾಹಿತಿ ಬಿಟ್ಟುಕೊಡುವುದು 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯಡಿ ವೃತ್ತಿ ದುರ್ನಡತೆ. ಸಾಬೀತಾದರೆ ಸದಸ್ಯರ ಪಟ್ಟಿಯಿಂದ ಹೆಸರೇ ಹೋಗಬಹುದು.

ಮುಂದಿನ ವಾರ್ಷಿಕ ಸಭೆಗೆ ಹೋಗುವ ಮುನ್ನ ಆ ಯುಡಿಐಎನ್ ಸಂಖ್ಯೆಯನ್ನೊಮ್ಮೆ ಪರಿಶೀಲಿಸಿ. ಪ್ರಾಮಾಣಿಕ ಸಿಎಗೆ ಅದರಿಂದ ಸಂತೋಷವೇ ಆಗುತ್ತದೆ.