‘ಕಿಪ್ಪರ್’ ಯಾರು? ‘ದುಬ್ಬು’ ಯಾರು? ಮಡಿಕೇರಿ ಮರೆಯುತ್ತಿರುವ ಹೆಸರುಗಳು

ಮಡಿಕೇರಿಯಲ್ಲಿ ಆಟೋ ಹತ್ತಿ ಕೂತವರು ‘ತಿಮ್ಮಯ್ಯ ಸರ್ಕಲ್’ ಅಂದರೆ ಸಾಕು, ಡ್ರೈವರು ಮರುಮಾತಿಲ್ಲದೆ ಗಾಡಿ ಬಿಡುತ್ತಾನೆ. ಕಾಲೇಜು ಹುಡುಗಿ ‘ಎಫ್‌ಎಂಸಿ’ ಅಂದರೂ ಅಷ್ಟೆ. ಎಲ್ಲಿಗೆ, ಯಾವ ತಿರುವು ಅಂತ ಯಾರೂ ಕೇಳುವುದಿಲ್ಲ. ಆದರೆ ಆ ತಿಮ್ಮಯ್ಯನವರು ಯಾರು, ಎಫ್‌ಎಂಸಿ ಅಂದರೆ ಏನು ಅಂತ ಅದೇ ಆಟೋದಲ್ಲಿ ಕೂತವರನ್ನು ಕೇಳಿ ನೋಡಿ! ಹತ್ತರಲ್ಲಿ ನಾಲ್ವರು ಸರಿ ಹೇಳಿದರೆ ಪುಣ್ಯ.

ಎಫ್‌ಎಂಸಿ ಅಂದರೆ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಕಾಲೇಜು. ದೇಶದ ಮೊದಲ ಭಾರತೀಯ ಮಹಾದಂಡನಾಯಕರ ಹೆಸರನ್ನು ಮೂರು ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದವರು ಹೊರಗಿನವರಲ್ಲ, ನಾವೇ. ಆದರೆ ಈ ಕತ್ತರಿ ಪ್ರಯೋಗ ಶುರುವಾದದ್ದು ನಮ್ಮಿಂದಲ್ಲ. ಸುಮಾರು ನೂರು ವರ್ಷದ ಹಿಂದೆ ಒಬ್ಬ ಬಿಳಿ ದೊರೆಸಾನಿ ಅದೇ ಹೆಸರಿಗೆ ಕತ್ತರಿ ಹಾಕಿದ್ದಳು. ಆ ಕಥೆ ಸ್ವಾರಸ್ಯವಾಗಿದೆ.

ದೊರೆಸಾನಿಯ ನಾಲಿಗೆ ಹೊರಳಲಿಲ್ಲ

ಕೊಡಂದೇರ ಮಾದಪ್ಪ ಕಾರ್ಯಪ್ಪನವರು ಹುಟ್ಟಿದ್ದು ಶನಿವಾರಸಂತೆಯಲ್ಲಿ, 1899ರ ಜನವರಿ 28ರಂದು. ಮನೆಯಲ್ಲಿ ಕರೆಯುತ್ತಿದ್ದ ಹೆಸರು ‘ಚಿಮ್ಮ’. ನಮ್ಮಲ್ಲಿ ಯಾವ ಮನೆಯಲ್ಲಿ ಮಗುವಿಗೆ ಇಂಥದೊಂದು ಮುದ್ದಿನ ಹೆಸರಿಲ್ಲ? ಚಿಮ್ಮ ಬೆಳೆದ, ಇಂದೂರಿನಲ್ಲಿ ತರಬೇತಿಗೆ ಸೇರಿದ, 1919ರಲ್ಲಿ ಬ್ರಿಟಿಷ್ ಅರಸನ ಕಮಿಷನ್ ಪಡೆದ ಮೊದಲ ತಂಡದ ಭಾರತೀಯ ಅಧಿಕಾರಿಗಳಲ್ಲಿ ಒಬ್ಬನಾದ.

1927ರ ಸುಮಾರಿಗೆ ಅವರು ಉತ್ತರದ ಫತೇಗಢದಲ್ಲಿದ್ದರು. ಅಲ್ಲಿ ಒಬ್ಬ ಇಂಗ್ಲಿಷ್ ಅಧಿಕಾರಿಯ ಹೆಂಡತಿಗೆ ‘ಕಾರ್ಯಪ್ಪ’ ಎನ್ನುವುದು ಬಾಯಿಗೆ ಬರಲಿಲ್ಲ. ನಾಲ್ಕು ಸಲ ಪ್ರಯತ್ನಿಸಿ ಕಲಿಯುವ ಬದಲು ಆಕೆ ‘ಕಿಪ್ಪರ್’ ಅಂದುಬಿಟ್ಟಳು. ಅದೇ ನಿಂತುಬಿಟ್ಟಿತು. ಇಂಗ್ಲಿಷಿನಲ್ಲಿ ಕಿಪ್ಪರ್ ಅಂದರೆ ಉಪ್ಪು ಹಾಕಿ ಹೊಗೆಯಲ್ಲಿ ಒಣಗಿಸಿದ ಒಂದು ಜಾತಿಯ ಮೀನು. ದೊರೆಗಳ ಬೆಳಗಿನ ಉಪಾಹಾರದ ಐಟಂ. ನಮ್ಮ ಸಂತೆಯ ಒಣಮೀನಿಗೆ ದಾಯಾದಿ ಅನ್ನಿ! ಮುಂದೆ ದೇಶದ ಸೈನ್ಯವನ್ನೇ ನಡೆಸಿದ ಮನುಷ್ಯನಿಗೆ ಮೆಸ್ಸಿನಲ್ಲಿ ಅಂಟಿದ ಹೆಸರು ಇದು.

ಇದರಲ್ಲಿ ಸಾಹಸವಿಲ್ಲ, ಯುದ್ಧವಿಲ್ಲ. ಉಚ್ಚಾರಣೆಯ ಸೋಮಾರಿತನ ಅಷ್ಟೆ. ಆದರೂ ಕಾರ್ಯಪ್ಪನವರು ಸಿಟ್ಟು ಮಾಡಿಕೊಂಡು ಹೆಸರು ಕಿತ್ತೆಸೆಯಲಿಲ್ಲ. ಅದನ್ನು ಹೊತ್ತುಕೊಂಡೇ ಒಂದೊಂದಾಗಿ ಬಾಗಿಲು ತೆಗೆದರು. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಹೋದ ಮೊದಲ ಭಾರತೀಯ. 1942ರಲ್ಲಿ ಪಟಾಲಮಿನ ಅಧಿಪತ್ಯ ವಹಿಸಿದ ಮೊದಲ ಭಾರತೀಯ. ಕಡೆಗೆ 1949ರ ಜನವರಿ 15ರಂದು ಜನರಲ್ ಬುಚರ್ ಅವರಿಂದ ಮಹಾದಂಡನಾಯಕನ ಪಟ್ಟ ಪಡೆದರು. ಪ್ರತಿ ವರ್ಷ ಆ ದಿನವೇ ಸೇನಾ ದಿನ.

ಅವರ ಹಿಂದೂಸ್ತಾನಿ ಬಗ್ಗೆ ಸೈನ್ಯದಲ್ಲಿ ಒಂದು ತಮಾಷೆಯ ಕಥೆ ಓಡಾಡುತ್ತದೆ. ಸ್ವಾತಂತ್ರ್ಯ ಬಂದಾಗ ಜವಾನರಿಗೆ ‘ಈಗ ನೀವು ಸ್ವತಂತ್ರರು, ನಾನೂ ಸ್ವತಂತ್ರ, ದೇಶವೂ ಸ್ವತಂತ್ರ’ ಅಂತ ಹೇಳಲು ಹೋಗಿ ಎಲ್ಲ ಕಡೆಯೂ ‘ಮುಫ್ತ್’ ಅಂದುಬಿಟ್ಟರಂತೆ. ಅಂದರೆ ನೀವು ಪುಕ್ಕಟೆ, ನಾನು ಪುಕ್ಕಟೆ, ದೇಶವೂ ಪುಕ್ಕಟೆ! ನಿಜವೋ ಕಟ್ಟುಕಥೆಯೋ, ಜವಾನರು ನಗುತ್ತಲೇ ಹೇಳುತ್ತಾರೆ, ಗೌರವ ಬಿಟ್ಟು ಹೇಳುವುದಿಲ್ಲ.

ಯಾಕೆ ಬಿಡುವುದಿಲ್ಲ ಅನ್ನುವುದಕ್ಕೆ 1965 ಉತ್ತರ. ಆ ವರ್ಷದ ಯುದ್ಧದಲ್ಲಿ ಅವರ ಮಗ, ವಾಯುಪಡೆಯ ಪೈಲಟ್ ಕೆ.ಸಿ. ಕಾರ್ಯಪ್ಪ, ಪಾಕಿಸ್ತಾನಕ್ಕೆ ಸೆರೆ ಸಿಕ್ಕರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಒಂದೇ ಸೈನ್ಯದಲ್ಲಿದ್ದು ಕಾರ್ಯಪ್ಪನವರನ್ನು ಬಲ್ಲವರು. ಮಗನನ್ನು ಬಿಟ್ಟುಕೊಡುವ ಮಾತು ಬಂತು. ತಂದೆ ಒಪ್ಪಲಿಲ್ಲ. ಸೆರೆಯಲ್ಲಿರುವ ಎಲ್ಲರೂ ತನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ ಎಂಬುದು ಅವರ ನಿಲುವಾಗಿತ್ತು. ದೊರೆಸಾನಿ ಇಟ್ಟ ಒಣಮೀನಿನ ಹೆಸರಿಗೆ ತೂಕ ಬಂದದ್ದು ಇಂಥ ಕಡೆ.

ಮನೆಯಲ್ಲಿ ದುಬ್ಬು, ಮೆಸ್ಸಿನಲ್ಲಿ ಟಿಮ್ಮಿ

ಅದೇ ಕೊಡಂದೇರ ಒಕ್ಕದ ಇನ್ನೊಬ್ಬರು ಜನರಲ್ ಕೆ.ಎಸ್. ತಿಮ್ಮಯ್ಯ. ಹುಟ್ಟಿದ್ದು ಮಡಿಕೇರಿಯಲ್ಲೇ, 1906ರ ಮಾರ್ಚ್ 31ರಂದು. ಮನೆಯವರಿಗೆ ಇವರು ‘ದುಬ್ಬು’. ಸೈನ್ಯಕ್ಕೆ ಹೋದ ಮೇಲೆ ಇಂಗ್ಲಿಷರು ‘ಟಿಮ್ಮಿ’ ಮಾಡಿದರು. ತಿಮ್ಮಯ್ಯ ಅನ್ನುವುದು ತಿಮ್ಮಪ್ಪನ ನಾಡಿನ ಹೆಸರು, ಟಿಮ್ಮಿ ಅನ್ನುವುದು ಇಂಗ್ಲೆಂಡಿನ ಮನೆಗಳಲ್ಲಿ ಚಿಕ್ಕ ಹುಡುಗರನ್ನು ಕೂಗುವ ಹೆಸರು. ಮೀಸೆ ಬಂದ ಗಂಡಸಿಗೆ ಅದನ್ನು ತೊಡಿಸಿದರು.

ಆದರೆ ಈ ಟಿಮ್ಮಿ ಮಾಡಿದ್ದು ಹುಡುಗಾಟವಲ್ಲ. ಎರಡನೇ ಮಹಾಯುದ್ಧದಲ್ಲಿ ರಣರಂಗದಲ್ಲಿ ಕಾಲಾಳು ಬ್ರಿಗೇಡ್ ನಡೆಸಿದ ಒಬ್ಬನೇ ಭಾರತೀಯ ಇವರು. 1948ರಲ್ಲಿ ಕಾಶ್ಮೀರದ ಜೋಜಿಲಾ ಕಣಿವೆಯಲ್ಲಿ ಶತ್ರು ಮೇಲೆ ಕೂತು ದಾರಿ ಕಟ್ಟಿದ್ದ. ಹನ್ನೊಂದು ಸಾವಿರ ಅಡಿ ಮೀರಿದ ಎತ್ತರ, ಹಿಮ. ಅಲ್ಲಿಗೆ ಟ್ಯಾಂಕ್ ತರಲು ಸಾಧ್ಯ ಅಂತ ಯಾರೂ ನಂಬಿರಲಿಲ್ಲ. ತಿಮ್ಮಯ್ಯನವರು ಗುಟ್ಟಾಗಿ ಹಗುರ ಟ್ಯಾಂಕುಗಳನ್ನು ಸಾಗಿಸಿ, ನವೆಂಬರ್ 1ರಂದು ದಾಳಿ ಮಾಡಿಸಿದರು. ತಾವೂ ಮುಂದಿನ ಸಾಲಿನಲ್ಲೇ ಇದ್ದರು. ದಾರಿ ತೆರೆಯಿತು, ಲಡಾಖ್ ಉಳಿಯಿತು.

1953ರಲ್ಲಿ ಕೊರಿಯಾ. ತಮ್ಮ ದೇಶಕ್ಕೆ ವಾಪಸು ಹೋಗಲು ಒಲ್ಲೆ ಎನ್ನುತ್ತಿದ್ದ ಸುಮಾರು 23,000 ಯುದ್ಧ ಕೈದಿಗಳನ್ನು ನೋಡಿಕೊಳ್ಳುವ ಅಂತರರಾಷ್ಟ್ರೀಯ ಆಯೋಗಕ್ಕೆ ಇವರೇ ಅಧ್ಯಕ್ಷರು. 1957ರಿಂದ 1961ರವರೆಗೆ ದೇಶದ ಸೇನಾ ಮುಖ್ಯಸ್ಥರು. ಕಡೆಗೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ದಂಡನಾಯಕರಾಗಿದ್ದಾಗಲೇ 1965ರ ಡಿಸೆಂಬರ್ 18ರಂದು ತೀರಿಕೊಂಡರು. ಆ ಪುಟ್ಟ ದೇಶ ಮರುವರ್ಷವೇ ಅವರ ಹೆಸರಿನಲ್ಲಿ ಅಂಚೆಚೀಟಿ ತಂದಿತು. ಸೈಪ್ರಸ್‌ನವರು ಅಂಚೆಚೀಟಿಯಲ್ಲಿ ನೆನೆಸಿಕೊಂಡ ಮನುಷ್ಯ ನಮ್ಮ ಬಾಯಲ್ಲಿ ಬರೇ ‘ಸರ್ಕಲ್’!

ಸಿಪಾಯಿ ಕೊಟ್ಟ ಬಿರುದು

ಕಿಪ್ಪರ್, ಟಿಮ್ಮಿ ಎರಡೂ ಮೇಲಿನಿಂದ ಬಂದ ಹೆಸರುಗಳು. ಆಳುವವರು ತಮ್ಮ ಅನುಕೂಲಕ್ಕೆ ಇಟ್ಟವು. ಆದರೆ ಸೈನ್ಯದಲ್ಲಿ ಇನ್ನೊಂದು ಬಗೆಯ ಹೆಸರಿದೆ. ಅದು ಕೆಳಗಿನಿಂದ ಬರುತ್ತದೆ. ಆರ್ಡರ್ ಮಾಡಿ ಇಡಿಸಿಕೊಳ್ಳಲು ಆಗುವುದಿಲ್ಲ.

ದೇಶದ ಇನ್ನೊಬ್ಬ ಫೀಲ್ಡ್ ಮಾರ್ಷಲ್ ಮಾಣೆಕ್‌ಷಾ. ಅಮೃತಸರದಲ್ಲಿ ಹುಟ್ಟಿದ ಪಾರ್ಸಿ. ಪೂರ್ತಿ ಹೆಸರು ಸ್ಯಾಮ್ ಹಾರ್ಮುಸ್‌ಜಿ ಫ್ರಾಮ್‌ಜಿ ಜಮ್‌ಶೆಡ್‌ಜಿ ಮಾಣೆಕ್‌ಷಾ. ಒಂದೇ ಉಸಿರಿನಲ್ಲಿ ಹೇಳಿದವರಿಗೆ ಬಹುಮಾನ ಕೊಡಬೇಕು! 8ನೇ ಗೂರ್ಖಾ ರೈಫಲ್ಸ್ ಪಡೆಯನ್ನು ನೋಡಲು ಹೋದಾಗ ಹರ್ಕ ಬಹಾದ್ದೂರ್ ಗುರುಂಗ್ ಎಂಬ ಜವಾನನನ್ನು, ನನ್ನ ಹೆಸರೇನು ಗೊತ್ತೇನಪ್ಪಾ ಅಂತ ಕೇಳಿದರು. ಬಡಪಾಯಿಗೆ ಆ ಪಾರ್ಸಿ ಹೆಸರು ಎಲ್ಲಿಂದ ಬರಬೇಕು? ‘ಸ್ಯಾಮ್ ಬಹಾದ್ದೂರ್’ ಅಂದ.

ನೋಡಿ, ಇಲ್ಲೂ ನಾಲಿಗೆ ಹೊರಳಲಿಲ್ಲ. ಫತೇಗಢದ ದೊರೆಸಾನಿಗೂ ಹೊರಳಲಿಲ್ಲ, ಗೂರ್ಖಾ ಸಿಪಾಯಿಗೂ ಹೊರಳಲಿಲ್ಲ. ಆದರೆ ದೊರೆಸಾನಿ ತನ್ನ ಅಡುಗೆಮನೆಯ ಮೀನಿನ ಹೆಸರು ಕೊಟ್ಟಳು. ಸಿಪಾಯಿ ತನ್ನ ಹೆಸರನ್ನೇ ಅರ್ಧ ಕೊಟ್ಟ. ಗೂರ್ಖಾಗಳಲ್ಲಿ ಬಹಾದ್ದೂರ್ ಅನ್ನುವುದು ಮನೆಮನೆಯ ಹೆಸರು. ನೀನು ನಮ್ಮವನು ಅಂತ ಹೇಳಿದ ಹಾಗೆ. ಮಾಣೆಕ್‌ಷಾ ಸಾಯುವವರೆಗೂ ಆ ಹೆಸರನ್ನು ಪದಕಕ್ಕಿಂತ ಹೆಚ್ಚಾಗಿ ಇಟ್ಟುಕೊಂಡಿದ್ದರು. 2023ರಲ್ಲಿ ಅವರ ಮೇಲೆ ಬಂದ ಹಿಂದಿ ಸಿನಿಮಾಕ್ಕೂ ಅದೇ ಹೆಸರು.

ಬರ್ಮಾ ಯುದ್ಧದ ಜನರಲ್ ಸ್ಲಿಮ್ ಕೂಡ ಹಾಗೇ ಗಳಿಸಿದವರು. ಬರ್ಮಾಕ್ಕೆ ಹೋಗುವ ಮೊದಲು ಇರಾಕ್‌ನಲ್ಲಿ ಅವರು ನಡೆಸುತ್ತಿದ್ದ ಡಿವಿಷನ್ನಿನಲ್ಲಿ ನಮ್ಮ ಕಾರ್ಯಪ್ಪನವರೂ ಕೆಲಸ ಮಾಡಿದ್ದರು. ಸ್ಲಿಮ್ ದೊಡ್ಡ ಮನೆತನದವರಲ್ಲ; ಮೊದಲು ಮಕ್ಕಳಿಗೆ ಪಾಠ ಹೇಳಿಕೊಂಡಿದ್ದವರು. ಗೂರ್ಖಾಗಳ ಜತೆ ಅವರ ಭಾಷೆಯಲ್ಲೇ ಮಾತಾಡುತ್ತಿದ್ದರು. ಸೋತು ಹಿಮ್ಮೆಟ್ಟಿದ ಸೈನ್ಯವನ್ನು ಮತ್ತೆ ಕಟ್ಟಿ ಗೆಲ್ಲಿಸಿದರು. ಸೈನಿಕರು ಇಟ್ಟ ಹೆಸರು ‘ಅಂಕಲ್ ಬಿಲ್’. ನಮ್ಮ ಮಾತಿನಲ್ಲಿ ಹೇಳುವುದಾದರೆ ಬಿಲ್ ಮಾವ.

ಬೈಗುಳವೇ ಬಿರುದಾಯಿತು

ಮೂರನೆಯ ಬಗೆ ಎದುರಾಳಿ ಇಟ್ಟದ್ದು. ಇದಕ್ಕೂ ನಮ್ಮ ಪಕ್ಕದ ಶ್ರೀರಂಗಪಟ್ಟಣಕ್ಕೂ ನಂಟಿದೆ. 1799ರಲ್ಲಿ ಅಲ್ಲಿ ಕಾದಿದ ಅಧಿಕಾರಿಗಳಲ್ಲಿ ಆರ್ಥರ್ ವೆಲ್ಲೆಸ್ಲಿ ಒಬ್ಬ. ಪಟ್ಟಣ ಬಿದ್ದ ಮೇಲೆ ಅಲ್ಲೇ ಆಡಳಿತ ನಡೆಸಿದ. 1800ರಲ್ಲಿ ಚನ್ನಗಿರಿಯ ಧೋಂಡಿಯ ವಾಘನನ್ನು ಬೆನ್ನಟ್ಟಿ ಮುಗಿಸಿದ. ಮುಂದೆ ಯೂರೋಪಿನಲ್ಲಿ ಫ್ರೆಂಚರ ಎದುರು ನಿಂತಾಗ ನೆಪೋಲಿಯನ್ ‘ಸಿಪಾಯಿ ಜನರಲ್’ ಅಂತ ಹೀಯಾಳಿಸಿದ. ಕರಿಯ ಸಿಪಾಯಿಗಳನ್ನು ಕಟ್ಟಿಕೊಂಡು ಗೆದ್ದವನು, ನಿಜವಾದ ಯುದ್ಧ ಇವನಿಗೇನು ಗೊತ್ತು ಎನ್ನುವ ತಾತ್ಸಾರ. 1815ರಲ್ಲಿ ವಾಟರ್ಲೂನಲ್ಲಿ ಆ ಸಿಪಾಯಿ ಜನರಲ್ಲೇ ನೆಪೋಲಿಯನ್ನನ ಕಥೆ ಮುಗಿಸಿದ! ಬೈಗುಳ ಬಿರುದಾಯಿತು.

ಅದೇ ಮನುಷ್ಯನಿಗೆ ಆಮೇಲೆ ‘ಕಬ್ಬಿಣದ ಡ್ಯೂಕ್’ ಎಂಬ ಹೆಸರೂ ಬಂತು. ಯುದ್ಧದಲ್ಲಿ ತೋರಿದ ಗಟ್ಟಿತನಕ್ಕೆ ಅಂತ ಕೆಲವರು ತಿಳಿದಿದ್ದಾರೆ. ರಾಜಕೀಯಕ್ಕೆ ಇಳಿದು ಜನರ ಮತದಾನದ ಹಕ್ಕು ವಿಸ್ತರಿಸುವುದನ್ನು ವಿರೋಧಿಸಿದಾಗ ಲಂಡನ್ ಜನ ಅವನ ಮನೆ ಕಿಟಕಿಗೆ ಕಲ್ಲು ಹೊಡೆದರು, ಅವನು ಕಬ್ಬಿಣದ ಬಾಗಿಲು ಹಾಕಿಸಿದ, ಅದರಿಂದ ಈ ಹೆಸರು ಬಂತು ಎಂಬ ಮಾತೂ ಇದೆ. ಹೆಸರು ಕೇಳಿ ಸಾಹಸ ಅಳೆಯಬೇಡಿ ಅನ್ನುವುದಕ್ಕೆ ಇದೊಂದು ಪಾಠ.

ಮತ್ತೆ ಸರ್ಕಲ್‌ಗೆ

ಈಗ ನಮ್ಮ ಊರಿಗೆ ಬನ್ನಿ. 2023ರ ಆಗಸ್ಟ್‌ನಲ್ಲಿ ಬಸ್ಸೊಂದು ಗುದ್ದಿ ತಿಮ್ಮಯ್ಯನವರ ಪ್ರತಿಮೆ ನೆಲಕ್ಕೆ ಬಿತ್ತು. ಜನ ಓಡಿ ಬಂದರು, ಮರುಗಿದರು, ಸಿಟ್ಟಾದರು. ಪ್ರತಿಮೆ ರಿಪೇರಿಯಾಗಿ ಮತ್ತೆ ಪೀಠ ಏರಿತು. 2024ರ ಡಿಸೆಂಬರ್‌ನಲ್ಲಿ ಈ ಇಬ್ಬರು ದಂಡನಾಯಕರ ಬಗ್ಗೆ ಹಗುರವಾಗಿ ಬರೆದ ಪ್ರಕರಣ ಖಂಡಿಸಿ ಕೊಡಗು ಬಂದ್ ಆಯಿತು. ಅಂಗಡಿ ಮುಚ್ಚಿದವು. ಹಿರಿಯರ ಮಾನಕ್ಕೆ ಧಕ್ಕೆ ಬಂದರೆ ಈ ಜಿಲ್ಲೆ ಸುಮ್ಮನೆ ಕೂರುವುದಿಲ್ಲ. ಒಳ್ಳೆಯದೇ.

ಆದರೆ ಬೈದಾಗ ಸಿಟ್ಟಾಗುವುದು ಅರ್ಧ ಗೌರವ. ಗೊತ್ತಿರುವುದು ಇನ್ನರ್ಧ. ಹೊರ ಜಿಲ್ಲೆಯ ಪತ್ರಿಕೆಗಳು ಕಾರ್ಯಪ್ಪನವರನ್ನು ‘ಕರಿಯಪ್ಪ’ ಅಂತ ಬರೆದರೆ ನಮಗೆ ಚುರ್ರೆನ್ನುತ್ತದೆ. ಹಾಗಾದರೆ ನಮ್ಮ ಮಕ್ಕಳಿಗೆ ಕೆ.ಎಂ. ಅಂದರೆ ಕೊಡಂದೇರ ಮಾದಪ್ಪ ಅಂತ ಹೇಳಿಕೊಟ್ಟಿದ್ದೇವೆಯೆ? ಇಂಗ್ಲಿಷರು ಒಕ್ಕದ ಹೆಸರನ್ನೂ ತಂದೆಯ ಹೆಸರನ್ನೂ ಇನಿಷಿಯಲ್ ಮಾಡಿ ಮೂಲೆಗೆ ಕೂರಿಸಿದರು. ಅವರು ಹೋಗಿ ಎಷ್ಟೋ ಕಾಲವಾಯಿತು. ನಾವು ಉಳಿದದ್ದನ್ನೂ ಎಫ್‌ಎಂಸಿ ಮಾಡಿದ್ದೇವೆ. ದೊರೆಸಾನಿಗೆ ಉಚ್ಚಾರ ಬರುತ್ತಿರಲಿಲ್ಲ ಎಂಬ ನೆಪವಿತ್ತು. ನಮಗೆ ಯಾವ ನೆಪ?

ಇದಕ್ಕೆ ಮದ್ದು ದುಬಾರಿಯದಲ್ಲ. ತಿಮ್ಮಯ್ಯನವರು ಬೆಳೆದ ‘ಸನ್ನಿ ಸೈಡ್’ ಮನೆ 2021ರ ಫೆಬ್ರವರಿಯಿಂದ ಮ್ಯೂಸಿಯಂ ಆಗಿದೆ. ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಉದ್ಘಾಟಿಸಿದ್ದರು. ದೂರದೂರದ ಪ್ರವಾಸಿಗಳು ರಾಜಾಸೀಟ್ ನೋಡಿ ಇಲ್ಲಿಗೂ ಬರುತ್ತಾರೆ. ಊರಿನ ಶಾಲೆಗಳು ವರ್ಷಕ್ಕೊಮ್ಮೆ ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಹೋದರೆ ಬಸ್ ಚಾರ್ಜೂ ಬೇಡ. ಜನವರಿ 15ಕ್ಕೆ ಹಾರ ಹಾಕುವವರು ಹಾರದ ಜತೆ ಎರಡು ಮಾತು ಮಕ್ಕಳಿಗೂ ಹೇಳಲಿ.

1993ರ ಮೇ ತಿಂಗಳಲ್ಲಿ ಕಾರ್ಯಪ್ಪನವರು ಬೆಂಗಳೂರಿನಲ್ಲಿ ತೀರಿಕೊಂಡು, ಮಡಿಕೇರಿಯಲ್ಲಿ ಅಂತ್ಯಕ್ರಿಯೆ ನಡೆದಾಗ, ಕೂನೂರಿನಲ್ಲಿ ನೆಲೆಸಿದ್ದ ಎಂಬತ್ತರ ಹತ್ತಿರದ ಮಾಣೆಕ್‌ಷಾ ಬಂದಿದ್ದರು. ‘ಕಿಪ್ಪರ್’ಗೆ ವಿದಾಯ ಹೇಳಲು ‘ಸ್ಯಾಮ್ ಬಹಾದ್ದೂರ್’ ನಮ್ಮ ಊರಿಗೆ ಬಂದ ದಿನ ಅದು. ಚಿತೆಗೆ ಬೆಂಕಿ ಇಟ್ಟವರು, 1965ರಲ್ಲಿ ತಂದೆ ಬಿಡಿಸಿಕೊಳ್ಳಲು ಒಪ್ಪದಿದ್ದ ಅದೇ ಮಗ.

ಮುಂದಿನ ಸಲ ಆಟೋ ಹತ್ತಿ ‘ತಿಮ್ಮಯ್ಯ ಸರ್ಕಲ್’ ಅಂದಾಗ ಪಕ್ಕದಲ್ಲಿ ಮಗುವಿದ್ದರೆ, ದಾರಿ ಮುಗಿಯುವುದರೊಳಗೆ ದುಬ್ಬುವಿನ ಕಥೆ ಹೇಳಿ. ಹೇಳಲು ಐದು ನಿಮಿಷ ಸಾಕು. ಅಷ್ಟು ಹೊತ್ತು ಟ್ರಾಫಿಕ್ಕಿನಲ್ಲಿ ಹೇಗೂ ನಿಂತೇ ಇರುತ್ತೀರಿ.