ಸಾರಥಿಯಿಲ್ಲದ ರಥ

ವಾಹನ ಸಂಚಾರಕ್ಕೆ ಸಂಬಂಧಿಸಿದ ಕಾನೂನುಗಳು ಬಹುಕಾಲ ಒಂದು ನಂಬಿಕೆಯ ಮೇಲೆ ನಿಂತಿದ್ದವು. ರಸ್ತೆಯಲ್ಲಿ ಓಡುವ ಪ್ರತಿಯೊಂದು ವಾಹನದಲ್ಲಿಯೂ ಅದನ್ನು ನಡೆಸುವ ಮನುಷ್ಯನೊಬ್ಬನು ಇದ್ದೇ ಇರುತ್ತಾನೆ ಎಂಬುದೇ ಆ ನಂಬಿಕೆ. ಪರವಾನಗಿ ಪಡೆಯುವವನು ಅವನು. ನಿಯಮ ಮೀರಿದರೆ ದಂಡ ತೆರುವವನು ಅವನು. ಅಪಘಾತವಾದರೆ ನ್ಯಾಯಾಲಯದಲ್ಲಿ ಉತ್ತರ ಹೇಳಬೇಕಾದವನೂ ಅವನೇ. ಆ ಆಸನವೇ ಬರಿದಾದರೆ ಹೊಣೆ ಯಾರದು? ಅಮೆರಿಕ ಸಂಯುಕ್ತ ಸಂಸ್ಥಾನದ ರಾಜ್ಯಗಳು ಈ ಪ್ರಶ್ನೆಗೆ ಉತ್ತರ ಹುಡುಕಬೇಕಾಯಿತು.

ಚಾಲಕರಹಿತ ವಾಹನಕ್ಕೆ ಕ್ಯಾಮೆರಾ, ರೇಡಾರ್ ಮತ್ತು ಲೇಸರ್ ಕಿರಣಗಳನ್ನು ಬಳಸುವ ಉಪಕರಣಗಳೇ ಕಣ್ಣುಗಳು. ಇವು ಕಂಡುದನ್ನು ಗಣಕಯಂತ್ರವು ಕ್ಷಣಮಾತ್ರದಲ್ಲಿ ಪರಿಶೀಲಿಸಿ, ಎದುರಿಗಿರುವುದು ಮನುಷ್ಯನೋ, ಮರವೋ, ಮತ್ತೊಂದು ವಾಹನವೋ ಎಂದು ನಿರ್ಧರಿಸುತ್ತದೆ. ಅದಕ್ಕೆ ತಕ್ಕಂತೆ ಚಕ್ರವನ್ನು ತಿರುಗಿಸುತ್ತದೆ, ಬ್ರೇಕನ್ನು ಒತ್ತುತ್ತದೆ. ಯಂತ್ರವು ಎಷ್ಟರಮಟ್ಟಿಗೆ ಸ್ವತಂತ್ರವಾಗಿ ನಡೆಯಬಲ್ಲದು ಎಂಬುದನ್ನು ಅನುಸರಿಸಿ ತಂತ್ರಜ್ಞರು ವಾಹನಗಳನ್ನು ಸೊನ್ನೆಯಿಂದ ಐದರವರೆಗೆ ಆರು ಹಂತಗಳಲ್ಲಿ ವಿಂಗಡಿಸಿದ್ದಾರೆ. ಕೆಳಗಿನ ಹಂತಗಳಲ್ಲಿ ಯಂತ್ರವು ಚಾಲಕನಿಗೆ ಸಹಾಯಕ ಮಾತ್ರ. ನಾಲ್ಕನೆಯ ಹಂತದಲ್ಲಿ, ಗೊತ್ತುಪಡಿಸಿದ ಪ್ರದೇಶದೊಳಗೆ, ಚಾಲಕನೇ ಬೇಕಾಗಿಲ್ಲ.

ಅಮೆರಿಕದಲ್ಲಿ ವಾಹನವನ್ನು ಹೇಗೆ ತಯಾರಿಸಬೇಕೆಂಬುದರ ಸುರಕ್ಷತಾ ಮಾನದಂಡಗಳನ್ನು ಕೇಂದ್ರ ಸರ್ಕಾರವು ವಿಧಿಸುತ್ತದೆ. ಚಾಲಕರ ಪರವಾನಗಿ, ವಾಹನಗಳ ನೋಂದಣಿ, ಸಂಚಾರ ನಿಯಮ ಇವು ರಾಜ್ಯಗಳಿಗೆ ಸೇರಿದವು. ಚಾಲಕನ ಸ್ಥಾನವನ್ನು ಯಂತ್ರವೇ ಆಕ್ರಮಿಸಿದುದರಿಂದ ಈ ಹೊಸ ಸಮಸ್ಯೆಯು ರಾಜ್ಯಗಳ ಮುಂದೆ ಬಂದು ನಿಂತಿತು. 2011ರಲ್ಲಿ ನೆವಾಡ ರಾಜ್ಯವು ಇಂತಹ ವಾಹನಗಳಿಗೆ ಮೊಟ್ಟಮೊದಲು ಕಾನೂನು ರಚಿಸಿತು. 2012ರಲ್ಲಿ ಕ್ಯಾಲಿಫೋರ್ನಿಯವೂ ಅದೇ ದಾರಿ ಹಿಡಿಯಿತು.

ಕ್ಯಾಲಿಫೋರ್ನಿಯದ ಕ್ರಮವು ಮೆಟ್ಟಿಲು ಮೆಟ್ಟಿಲಾಗಿ ಏರುವಂತಹುದು. 2014ರಲ್ಲಿ ಜಾರಿಗೆ ಬಂದ ನಿಯಮಗಳ ಪ್ರಕಾರ, ಪರೀಕ್ಷೆಯ ಸಮಯದಲ್ಲಿ ತರಬೇತಿ ಪಡೆದ ಚಾಲಕನು ಆಸನದಲ್ಲಿ ಕುಳಿತಿರಲೇಬೇಕಾಗಿತ್ತು. ಹಾನಿಯಾದರೆ ಪರಿಹಾರ ಕೊಡಲು ಕಂಪನಿಯು 50 ಲಕ್ಷ ಡಾಲರುಗಳ ಭದ್ರತೆಯನ್ನು ತೋರಿಸಬೇಕಾಗಿತ್ತು. ಅಪಘಾತವಾದರೆ ಹತ್ತು ದಿನಗಳೊಳಗೆ ವರದಿ ಸಲ್ಲಿಸಬೇಕಾಗಿತ್ತು. 2018ರಲ್ಲಿ ಚಾಲಕನಿಲ್ಲದೆಯೇ ಪರೀಕ್ಷಿಸಲು ಅವಕಾಶ ದೊರೆಯಿತು. ಆಗ ದೂರದಿಂದಲೇ ವಾಹನದೊಡನೆ ಸಂಪರ್ಕವಿಟ್ಟುಕೊಳ್ಳುವ ವ್ಯವಸ್ಥೆ ಇರಬೇಕೆಂದೂ, ಪೊಲೀಸರು ಇಂತಹ ವಾಹನದೊಡನೆ ಹೇಗೆ ವ್ಯವಹರಿಸಬೇಕೆಂಬ ವಿವರವನ್ನು ಮೊದಲೇ ಒದಗಿಸಬೇಕೆಂದೂ ವಿಧಿಸಲಾಯಿತು.

ನೆರೆಯ ಅರಿಜೋನ ರಾಜ್ಯವು ಇಷ್ಟೊಂದು ಕಟ್ಟುಪಾಡುಗಳನ್ನು ಹೇರದೆ ಕಂಪನಿಗಳನ್ನು ಆಹ್ವಾನಿಸಿತು. ಅಲ್ಲಿನ ಟೆಂಪಿ ನಗರದಲ್ಲಿ 2018ರ ಮಾರ್ಚ್ 18ರ ರಾತ್ರಿ, ಸೈಕಲ್ಲನ್ನು ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬಳು ಪರೀಕ್ಷೆಯಲ್ಲಿದ್ದ ವಾಹನಕ್ಕೆ ಸಿಕ್ಕಿ ಮೃತಳಾದಳು. ಯಂತ್ರವು 5.6 ಸೆಕೆಂಡುಗಳ ಮೊದಲೇ ಆಕೆಯಿದ್ದುದನ್ನು ಗ್ರಹಿಸಿತ್ತು; ಆದರೆ ಅದು ಪಾದಚಾರಿಯೆಂದು ಗುರುತಿಸಲೇ ಇಲ್ಲ. ವಾಹನದಲ್ಲಿದ್ದ ಮೇಲ್ವಿಚಾರಕಿಯ ಗಮನವು ದೂರವಾಣಿಯ ಮೇಲಿತ್ತು. ತನಿಖೆ ನಡೆಸಿದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು 2019ರಲ್ಲಿ ಆಕೆಯ ಅಲಕ್ಷ್ಯವನ್ನಷ್ಟೇ ಅಲ್ಲದೆ, ಕಂಪನಿಯ ಸುರಕ್ಷತಾ ಕ್ರಮಗಳ ಕೊರತೆಯನ್ನೂ ರಾಜ್ಯದ ಸಾಲದಾದ ಮೇಲ್ವಿಚಾರಣೆಯನ್ನೂ ಎತ್ತಿ ಹೇಳಿತು.

ಹಾಗೆಂದು ಕಟ್ಟುಪಾಡು ಹೆಚ್ಚಿದಷ್ಟೂ ಒಳಿತೆನ್ನಲಾಗದು. ಬ್ರಿಟನ್ನಿನಲ್ಲಿ 1865ರ ಕಾನೂನು, ಉಗಿಬಂಡಿಯ ಮುಂದೆ ಮನುಷ್ಯನೊಬ್ಬನು ಕೆಂಪು ಬಾವುಟ ಹಿಡಿದು ನಡೆಯಬೇಕೆಂದೂ, ಊರೊಳಗೆ ಬಂಡಿಯ ವೇಗವು ಗಂಟೆಗೆ ಎರಡು ಮೈಲಿಯನ್ನು ಮೀರಕೂಡದೆಂದೂ ವಿಧಿಸಿತ್ತು. ನಡೆಯುವವನಿಗಿಂತ ಮೆಲ್ಲಗೆ ಸಾಗುವ ವಾಹನದಿಂದ ಪ್ರಯೋಜನವೇನು? ಹೊಸದಕ್ಕೆ ಅಂಜಿ ಬಾಗಿಲು ಮುಚ್ಚುವುದೂ ಸರಿಯಲ್ಲ. ಬೆರಗಾಗಿ ಬಾಗಿಲನ್ನು ಹಾರುಹೊಡೆಯುವುದೂ ಸರಿಯಲ್ಲ.

ನಿಯಮವಿದ್ದರೆ ಸಾಲದು, ಸತ್ಯವೂ ಬೇಕು. 2023ರ ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಬೇರೊಂದು ಕಾರು ಡಿಕ್ಕಿ ಹೊಡೆದುದರಿಂದ ಎಸೆಯಲ್ಪಟ್ಟ ಮಹಿಳೆಯನ್ನು ಚಾಲಕರಹಿತ ವಾಹನವೊಂದು ಸುಮಾರು ಆರು ಮೀಟರುಗಳಷ್ಟು ದೂರ ಎಳೆದೊಯ್ದಿತು. ಕೆಲವೇ ವಾರಗಳಲ್ಲಿ ರಾಜ್ಯದ ಮೋಟಾರು ವಾಹನ ಇಲಾಖೆಯು ಆ ಕಂಪನಿಯ ಚಾಲಕರಹಿತ ಪರವಾನಗಿಗಳನ್ನು ಅಮಾನತಿನಲ್ಲಿಟ್ಟಿತು. ವಾಹನವು ಸುರಕ್ಷಿತವಲ್ಲವೆಂಬುದರ ಜೊತೆಗೆ, ಸುರಕ್ಷತೆಯ ವಿಷಯದಲ್ಲಿ ಕಂಪನಿಯು ನಿಜಸ್ಥಿತಿಯನ್ನು ಸರಿಯಾಗಿ ತಿಳಿಸಲಿಲ್ಲವೆಂಬುದೂ ಇಲಾಖೆಯು ಕೊಟ್ಟ ಕಾರಣವಾಗಿತ್ತು.

ಬರಿದಾದ ಆಸನಕ್ಕೆ ದಂಡದ ಚೀಟಿ ಕೊಡುವುದು ಹೇಗೆಂಬ ತೊಡಕೂ ಉಳಿದಿತ್ತು. ಕ್ಯಾಲಿಫೋರ್ನಿಯ ರಾಜ್ಯವು 2024ರಲ್ಲಿ ಇದಕ್ಕಾಗಿಯೇ ಕಾನೂನನ್ನು ಅಂಗೀಕರಿಸಿತು. ಇಂತಹ ವಾಹನವು ಸಂಚಾರ ನಿಯಮವನ್ನು ಮೀರಿದರೆ ಪೊಲೀಸರು ತಯಾರಕರಿಗೇ ಲಿಖಿತ ಸೂಚನೆ ನೀಡಬಹುದು. 2026ರ ಜುಲೈ 1ನೆಯ ತಾರೀಖನ್ನು ಈ ವ್ಯವಸ್ಥೆಯ ಆರಂಭಕ್ಕೆ ಗೊತ್ತುಪಡಿಸಲಾಯಿತು.

ಯಂತ್ರಕ್ಕೆ ಆಯಾಸವಿಲ್ಲ, ನಿದ್ರೆಯಿಲ್ಲ, ಮದ್ಯದ ಅಮಲಿಲ್ಲ. ಮನುಷ್ಯನ ಅಲಕ್ಷ್ಯದಿಂದ ಹೋಗುವ ಪ್ರಾಣಗಳನ್ನು ಅದು ಮುಂದೆ ಉಳಿಸಲೂಬಹುದು. ಆದರೆ ಅದಕ್ಕೆ ಪಶ್ಚಾತ್ತಾಪವೂ ಇಲ್ಲ. ಆದುದರಿಂದ ಅದನ್ನು ನಿರ್ಮಿಸಿದವರು, ಓಡಿಸುವವರು ಮತ್ತು ಅನುಮತಿ ಕೊಡುವವರು ಉತ್ತರ ಹೇಳಲು ಸಿದ್ಧರಿರಬೇಕು. ವಾಹನದೊಳಗೆ ಚಾಲಕನಿರಲಿ, ಇಲ್ಲದಿರಲಿ, ರಸ್ತೆ ದಾಟುವ ಪಾದಚಾರಿಯ ಪ್ರಾಣದ ಬೆಲೆ ಒಂದೇ.